ಬಲೂನಕ್ಕನ ಬೆಳ್ಳಿಚುಕ್ಕಿ

ಕಣ್ಣಿಗೆ ಕಾಣದ್ದನ್ನು ಅಳೆಯುವವರ ಸಾಲಿನಲ್ಲಿ ನಮ್ಮ ಬಲೂನಕ್ಕನವರಿಗೆ ವಿಶಿಷ್ಟವಾದ ಸ್ಥಾನವಿದೆ. ಹವಾಮಾನದ ಕ್ಷೇತ್ರದಲ್ಲಿ ಗ್ರಂಥ ಬರೆದವರುಂಟು, ಸಿದ್ಧಾಂತ ಮಂಡಿಸಿದವರುಂಟು. ಆದರೆ ದಿನವೂ ವೀಕ್ಷಣಾಲಯದ ತಾರಸಿ ಹತ್ತಿ, ಬಿಳಿಯ ಬಲೂನೊಂದನ್ನು ಆಕಾಶಕ್ಕೆ ಬಿಟ್ಟು, ಅದು ಚುಕ್ಕೆಯಾಗಿ ಕರಗುವವರೆಗೂ ದುರ್ಬೀನಿನಲ್ಲಿ ಹಿಂಬಾಲಿಸಿ, ಮೇಲಿನ ಗಾಳಿ ಯಾವ ಕಡೆಗೆ ಎಷ್ಟು ವೇಗದಲ್ಲಿ ಸಾಗುತ್ತಿದೆಯೆಂದು ಹೇಳುವುದರಲ್ಲೇ ಸೇವಾವಧಿಯನ್ನೆಲ್ಲ ಕಳೆದವರು ವಿರಳ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಆ ಹೆಸರು ಹೇಳಿಕೊಂಡು ಯಾರಾದರೂ ಫೋನ್ ಮಾಡಿದರೆ, ಅಂಥವರು ಇಲ್ಲಿಲ್ಲವೆಂದು ನಮ್ಮಲ್ಲಿ ಅರ್ಧ ಜನ ಇಟ್ಟುಬಿಡುತ್ತಾರೆ.

ಅವರು ಕೆಲಸಕ್ಕೆ ಸೇರಿದಾಗ ಬಲೂನಿಗೆ ಹೈಡ್ರೋಜನ್ ತುಂಬುವ ಕೋಣೆಯಲ್ಲಿ ರಬ್ಬರು ಮತ್ತು ಪೌಡರಿನ ವಾಸನೆ ತುಂಬಿಕೊಂಡಿರುತ್ತಿತ್ತಂತೆ. ಅದರ ಎತ್ತರದ ಬಾಗಿಲಿನಿಂದ ಬಲೂನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೊರಬರುವಾಗ, ಎಳೆಗೂಸನ್ನು ಎತ್ತಿಕೊಂಡು ಬಂದ ಹಾಗೆ ಅವರಿಗೆ ಅನಿಸುತ್ತಿತ್ತು. ಬಿಟ್ಟ ಮೇಲೆ ಒಂದು ಕ್ಷಣ ಕೈ ಬರಿದಾಗಿ, ತಾನೂ ನೆಲ ಬಿಟ್ಟು ಏಳುತ್ತಿದ್ದೇನೆಂಬ ಭ್ರಮೆ. ಆಮೇಲೆ ದುರ್ಬೀನು, ಆ ಪುಟ್ಟ ದುಂಡು ಆಕಾಶ, ಅದರ ನಡುವೆ ತೇಲುವ ಬಿಳಿಯ ಬಿಂದು. ಕೆಳಗೆ ಬೀದಿಯಲ್ಲಿ ಬಸ್ಸಿನ ಹಾರ್ನು, ಅಂಗಡಿಯ ಷಟರು ಎಳೆಯುವ ಸದ್ದು ಎಲ್ಲವೂ ಯಾರದೋ ಕನಸಿನೊಳಗಿಂದ ಕೇಳಿಬಂದಂತೆ ದೂರವಾಗುತ್ತಿದ್ದವು.

ಸೇರಿದ ವರ್ಷವೇ ಒಂದು ಸಂಜೆ ಅವರು ತಂದೊಪ್ಪಿಸಿದ ಲೆಕ್ಕವನ್ನು ನೋಡಿ ಆಗಿನ ದೊಡ್ಡ ಸಾಹೇಬರು ಹುಬ್ಬೇರಿಸಿದರು. ಗಾಳಿ ಕೆಳಗಿನಿಂದ ಮೇಲಿನವರೆಗೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಬೀಸಿತ್ತು. ಇಷ್ಟು ಸಾಧು ಗಾಳಿಯನ್ನು ತನ್ನ ಜೀವಮಾನದಲ್ಲೇ ಕಂಡಿಲ್ಲವೆಂದು ಸಾಹೇಬರು ತಾರಸಿಗೆ ಬಂದು ದುರ್ಬೀನಿಗೆ ಕಣ್ಣಿಟ್ಟರು. ಬಲೂನು ಎಂದೋ ಮೋಡದ ಹಿಂದೆ ಜಾರಿಕೊಂಡಿತ್ತು. ಹೊಸ ಹುಡುಗಿ ಅಷ್ಟು ಹೊತ್ತೂ ಹಿಂಬಾಲಿಸಿದ್ದು ಬೆಳ್ಳಿಚುಕ್ಕಿಯನ್ನು. ಶುಕ್ರಗ್ರಹ ಮುಸ್ಸಂಜೆಯಲ್ಲಿ ಥೇಟ್ ಬಲೂನಿನಂತೆಯೇ ಕಾಣುತ್ತದೆ. ನಾಚಿಕೆಯಿಂದ ಕುಗ್ಗಿಹೋದವರಿಗೆ ಸಾಹೇಬರು ಬೈಯಲಿಲ್ಲ.

"ನೋಡಮ್ಮ, ನೀನು ನೋಡಿದ್ದು ಸುಳ್ಳಲ್ಲ. ಅದು ಅಲ್ಲೇ ಇತ್ತು. ನೀನು ಹುಡುಕ್ತಿದ್ದದ್ದು ಅದಲ್ಲ, ಅಷ್ಟೇ."

ಆ ಮಾತು ಅವರನ್ನು ಕೆಲಸದಲ್ಲಿ ಉಳಿಸಿತು. ಅಂದಿನಿಂದ ಅವರೇ ಒಂದು ಪದ್ಧತಿ ಮಾಡಿಕೊಂಡರು: ಯಾರೇ ಹೊಸದಾಗಿ ಬರಲಿ, ಮೊದಲ ದಿನವೇ ತಾರಸಿಗೆ ಕರೆದು, ಕೈಗೆ ಚಹಾ ಕೊಟ್ಟು, ತನ್ನ ಬೆಳ್ಳಿಚುಕ್ಕಿಯ ಪ್ರಸಂಗವನ್ನು ಹೇಳುವುದು. ದೊಡ್ಡವರೆನಿಸಿಕೊಂಡವರು ಮೊದಲ ದಿನವೇ ತಮ್ಮ ಪೆದ್ದುತನವನ್ನು ಬಿಚ್ಚಿಟ್ಟರೆ ಹೊಸಬರ ಎದೆಯ ಭಾರ ಎಷ್ಟು ಇಳಿಯುತ್ತದೆಂಬುದನ್ನು ಈ ಅಭಿನಂದನ ಗ್ರಂಥದ ಬಹುಪಾಲು ಲೇಖಕರು ಸ್ವಂತ ಅನುಭವದಿಂದ ಬಲ್ಲರು. ಸಹೋದ್ಯೋಗಿಯೊಬ್ಬರ ತಂದೆ ಆಸ್ಪತ್ರೆ ಸೇರಿದ್ದಾಗ ಅವರ ಬೆಳಗಿನ ಪಾಳಿಯನ್ನೆಲ್ಲ ಬಲೂನಕ್ಕನವರೇ ಮಾಡಿದರು. ಆತ ಕೃತಜ್ಞತೆ ಹೇಳಲು ಬಂದರೆ, ನಿಮ್ಮ ಪಾಲಿನ ಗಾಳಿ ಅದರ ಪಾಡಿಗೆ ಬೀಸಿತು, ನಾನು ಬರೆದುಕೊಂಡೆ, ಅಷ್ಟೇ ಎಂದು ಮಾತು ಹಾರಿಸಿದರು.

ಕಾಲ ಸುಮ್ಮನಿರಲಿಲ್ಲ. ಬಲೂನಿಗೆ ಕಟ್ಟಿಬಿಟ್ಟರೆ ತಾನೇ ಸುದ್ದಿ ಕಳಿಸುವ ಪುಟ್ಟ ಪೆಟ್ಟಿಗೆಯೊಂದು ಬಂತು. ಕೆಳಗಿನ ಕೋಣೆಯ ಕಂಪ್ಯೂಟರಿನಲ್ಲಿ ಗಾಳಿ ಬಣ್ಣದ ಗೆರೆಯಾಗಿ ಮೂಡತೊಡಗಿತು. ಅದರೊಂದಿಗೆ ಬಂದ ಇಂಜಿನಿಯರು ಬಲೂನಕ್ಕನವರ ಮಗಳ ವಯಸ್ಸಿನವಳು. ಕೆಲವು ತಿಂಗಳು ಎರಡೂ ವಿಧಾನ ಜೊತೆಯಲ್ಲಿ ನಡೆಯಲಿ, ಹೊಂದಿಕೆಯಾದರೆ ದುರ್ಬೀನನ್ನು ತೆಗೆಯೋಣವೆಂದು ಆದೇಶವಾಯಿತು. ತಮ್ಮ ಕಣ್ಣಿಗೆ ಮಂಜು ಕವಿಯುತ್ತಿರುವುದನ್ನು ಬಲೂನಕ್ಕನವರು ಯಾರಿಗೂ ಹೇಳಿರಲಿಲ್ಲ. ತಾರಸಿಯೂ ಕೈತಪ್ಪಿದರೆ ತಾನು ಇಲ್ಲಿ ಯಾರು ಎಂಬ ಪ್ರಶ್ನೆ ಅವರನ್ನು ಊಟದ ತಟ್ಟೆಯ ಮುಂದೆಯೂ ಬಿಡುತ್ತಿರಲಿಲ್ಲ. ಹೊಲಿಗೆಯ ಕಸುಬಿನ ಅವರ ಯಜಮಾನರು ಸೂಜಿಗೆ ದಾರ ಪೋಣಿಸುತ್ತ, "ಮಷಿನ್ ಬಂದಾಗ ನಮ್ಮಪ್ಪನೂ ಹೀಗೇ ಮುಖ ಊದಿಸ್ಕೊಂಡು ಕೂತಿದ್ದ. ಆಮೇಲೆ ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ" ಎಂದರು. ಬಲೂನಕ್ಕನವರಿಗೆ ನಗು ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಹೊಸದಾಗಿ ಬಂದ ಒಬ್ಬಳನ್ನು ಅವರು ತಾರಸಿಯ ಚಹಾಕ್ಕೆ ಕರೆಯದೆ ಬಿಟ್ಟಿದ್ದರು.

ಒಂದು ಸಂಜೆ ಎರಡು ಲೆಕ್ಕಗಳು ಬೇರೆಬೇರೆಯಾದವು. ಮೇಲೆ ಹೋದಂತೆ ಗಾಳಿ ತಿರುಗಿದೆಯೆಂದು ಯಂತ್ರ ಹೇಳಿತು, ತಿರುಗಿಲ್ಲವೆಂದು ಬಲೂನಕ್ಕನವರು. ತನ್ನ ಕಣ್ಣಾರೆ ಕಂಡದ್ದಕ್ಕಿಂತ ಪೆಟ್ಟಿಗೆಯ ಮಾತು ಹೆಚ್ಚೇ ಎಂದು ಅವರು ನಮ್ಮೆಲ್ಲರ ಎದುರು ದನಿಯೇರಿಸಿದರು. ಬೇಕಾದರೆ ಮೇಲೆ ಹೋಗಿ ನೋಡು, ಇನ್ನೂ ಕಾಣಿಸುತ್ತಿದೆ ಎಂದರು. ಇಂಜಿನಿಯರು ಎದುರಾಡದೆ ಹೋಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಿಂದೆಯೇ ಬಂದು ನಿಂತಿದ್ದ ಬಲೂನಕ್ಕನವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಅಕ್ಕಾ, ಬಲೂನು ಆಗ್ಲೇ ಒಡೆದುಹೋಗಿದೆ. ಇದು ಇನ್ನೂ ಇದೆ" ಎಂದಳು.

ಬಲೂನಕ್ಕನವರು ತಾರಸಿಯ ಕಟ್ಟೆಯ ಮೇಲೆ ಕುಳಿತರು. ಎದುರಿನ ಮನೆಯ ಒಣಹಾಕಿದ ಬಟ್ಟೆಗಳು ಬೂದುಬಣ್ಣದ ಬೆಳಕಿನಲ್ಲಿ ಅಲುಗುತ್ತಿದ್ದವು. ಹೊಸ ಹುಡುಗಿಯಾಗಿದ್ದ ತಾನು ಅಲ್ಲೇ ಆ ದುರ್ಬೀನಿನ ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುವಂತೆ ಅವರಿಗೆ ಕಂಡಿತು. ನಡುವಿನ ವರ್ಷಗಳೆಲ್ಲ ಮಂಜಾಗಿ, ಆ ಹುಡುಗಿಯೂ ಈ ಹುಡುಗಿಯೂ ಒಬ್ಬರೇ ಎನ್ನುವಷ್ಟು ಹತ್ತಿರವಾದರು. ಅಳು ಒತ್ತರಿಸಿ ಬಂತು, ಅದರ ಹಿಂದೆಯೇ ನಗುವೂ ಬಂತು.

"ಬಾ, ಕೂತ್ಕೊ. ನಿನಗೊಂದು ಕಥೆ ಹೇಳೋದು ಬಾಕಿ ಇಟ್ಕೊಂಡಿದ್ದೆ" ಎಂದರು.

ಆ ಸಂಜೆ ಚಹಾ ತಂದವಳು ಇಂಜಿನಿಯರು. ಕಣ್ಣಿನ ಮಂಜಿನ ವಿಷಯವೂ ಆಗಲೇ ಹೊರಬಂತು. ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯಲ್ಲಿ ಯಜಮಾನರ ಪಕ್ಕ ಕುಳಿತವಳೂ ಅವಳೇ. ರಜೆ ಮುಗಿಸಿ ಬಂದ ಬಲೂನಕ್ಕನವರು ನೇರವಾಗಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು, ಅ ಆ ಇ ಈಯಿಂದ ಹೇಳಿಕೊಡು ಎಂದು ಕುಳಿತರು. ಕಲಿಯುವುದು ತಡವಾಯಿತು, ಇಲಿಯಂತಿರುವ ಆ ಮೌಸು ಮಾತು ಕೇಳುವುದಿಲ್ಲವೆಂದು ಗೊಣಗಿದರು, ಕಡೆಗೆ ಮಾವನವರಂತೆಯೇ ಅದನ್ನು ಬೇರೆಯವರಿಗೆ ಮುಟ್ಟಲು ಬಿಡದಾದರು. ದುರ್ಬೀನನ್ನು ತೆಗೆಯಬಹುದೆಂಬ ವರದಿಗೆ ಮೊದಲ ಸಹಿ ಅವರದೇ.

ಅದನ್ನು ತೆಗೆಯಲು ನಮಗೇ ಮನಸ್ಸು ಬರಲಿಲ್ಲ. ನಿವೃತ್ತಿಯ ದಿನ ಮುಸ್ಸಂಜೆ, ಬಲೂನನ್ನು ತಾವೇ ತಬ್ಬಿ ತಂದು ಬಿಟ್ಟ ಮೇಲೆ, ಅವರು ತಾರಸಿಯಲ್ಲಿ ಉಳಿದು ಆ ದುರ್ಬೀನಿಗೆ ಕಣ್ಣಿಟ್ಟರು. ಇಂಜಿನಿಯರು ಕೆಳಗಿನಿಂದ ಕೂಗಿ ಕೇಳಿದಳು, "ಬಲೂನು ಸಿಕ್ತಾ ಅಕ್ಕಾ?"

"ಬಲೂನು ನೀನು ನೋಡ್ಕೊ. ನಾನಿವತ್ತು ಬೆಳ್ಳಿಚುಕ್ಕೀನೇ ನೋಡ್ತಿದೀನಿ."

ನಮ್ಮ ಪ್ರೀತಿಯ ಬಲೂನಕ್ಕನವರಿಗೆ ಆಯುಷ್ಯವೂ ಆರೋಗ್ಯವೂ ತುಂಬಿರಲಿ, ಹೊಸ ಕಣ್ಣಿಗೆ ಆಕಾಶ ದಿನವೂ ಹೊಸದಾಗಿ ಕಾಣಲಿ ಎಂದು ಹಾರೈಸುತ್ತೇವೆ. ಬರುವ ತಿಂಗಳು ಇಬ್ಬರು ಹೊಸಬರು ಸೇರಲಿದ್ದಾರೆ. ಚಹಾ ನಾವು ಮಾಡಿಡುತ್ತೇವೆ. ಕಥೆ ಹೇಳಲು ಬಲೂನಕ್ಕನವರೇ ಬರಬೇಕು.