ಅಮಸಿದ್ದಪ್ಪನ ಬಿಸಿಗಾಲು

ಕಮತಗಿಯ ಕುರಿಗಾರ ಅಮಸಿದ್ದಪ್ಪ ಸೀಟಿ ಹೊಡೆದರೆ, ಗಾಲಿ ಪಂಕ್ಚರ್ ಆಯಿತೆಂದು ಹುನಗುಂದದ ಬಸ್ಸಿನ ಡ್ರೈವರ್ ಇಳಿದು ನೋಡುತ್ತಿದ್ದನಂತೆ. ಅದನ್ನು ನಂಬಿರಿ, ಬಿಡಿರಿ. ಅವನು ಅನುಮಾನದ ಮನುಷ್ಯ ಎಂಬ ಮಾತು ಮಾತ್ರ ಖರೆ. ಯಾರಾದರೂ ಚಹಾ ಕೊಟ್ಟರೆ ಮೂಸಿ ನೋಡಿ, ಕೊಟ್ಟವರಿಗೇ ಮೊದಲೊಂದು ಗುಟುಕು ಕುಡಿಸಿ, ಆಮೇಲೆ ತಾನು ಕುಡಿಯುವವನು. ಒಂದು ಸಂಜೆ ತನ್ನ ನೆರಳು ತನಗಿಂತ ಉದ್ದವಾಗಿದ್ದನ್ನು ಕಂಡು, ಅದು ಬೇರೆ ಯಾರದೋ ಇರಬೇಕೆಂದು ದಾರಿ ಬಿಟ್ಟು ಜೋಳದ ಹೊಲಕ್ಕಿಳಿದಿದ್ದ. ನೆರಳೂ ಇಳಿಯಿತು. ಹೊತ್ತು ಮುಳುಗಿದ ಮೇಲೆ, ಅದನ್ನು ಸೋಲಿಸಿ ಬಂದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಇಂಥವನ ಬಲಗಾಲಿಗೆ ಎಪ್ಪತ್ತೆಂಟನೆಯ ಇಸವಿಯ ಸುಮಾರಿಗೆ ಬಿಸಿ ಹತ್ತಿತು.

ಮಗಳು ಹನಮವ್ವನ ಲಗ್ನ ಪಕ್ಕದೂರಿನ ಕನಕಪ್ಪನ ಮಗನ ಜೊತೆ ಗೊತ್ತಾಗಿತ್ತು. ಗಂಡಿನ ಕಡೆಯವರು ಇಳಕಲ್ಲ ಸೀರೆ ಉಡಿಸಿ, ಉಡಿ ತುಂಬಿ ಹೋಗಿದ್ದರು. ಕನಕಪ್ಪನೂ ಕುರಿಗಾರನೇ. ಬೀಗರಾದದ್ದೇ ತಡ, ಇಬ್ಬರೂ ಒಂದೇ ಗುಡ್ಡಕ್ಕೆ ಹಿಂಡು ಹೊಡೆದುಕೊಂಡು ಬರತೊಡಗಿದರು. ಕುರಿಗಳು ಹುಲ್ಲು ಮೇಯುತ್ತಿದ್ದರೆ, ಇವರು ಕೋಲೂರಿಕೊಂಡು ತಾಸುಗಟ್ಟಲೆ ಎದುರುಬದುರು ನಿಂತು ಮಾತು ಮೇಯುವರು.

ಹೀಗೇ ಒಂದು ಮಧ್ಯಾಹ್ನ ಮೊಣಕಾಲಿನ ಕೆಳಗೆ ಯಾರೋ ಬೆಚ್ಚಗಿನ ನೀರು ಸುರಿದಂತಾಯಿತು. ಅಮಸಿದ್ದಪ್ಪ ಥಟ್ಟನೆ ನಾಯಿಯ ಕಡೆ ನೋಡಿದ. ಅದು ದೂರದ ಜಾಲಿಯ ಕೆಳಗೆ ಮಲಗಿತ್ತು. ಆದರೂ ಬೈದ. ಧೋತರ ಎತ್ತಿ ಮುಟ್ಟಿ ನೋಡಿದರೆ ಹಸಿಯಿಲ್ಲ, ಬಾವಿಲ್ಲ, ಕಚ್ಚಿದ ಗುರುತಿಲ್ಲ.

"ಯಾಕ್ರಿ ಬೀಗರ, ಕಾಲಿಗೇನಾತು?" ಎಂದ ಕನಕಪ್ಪ.

"ಏನಿಲ್ರಿ. ಇರಿವಿ ಕಚ್ಚಿತು."

ಮರುದಿನವೂ ಬಂತು. ಮನೆಯಲ್ಲಿ ಇಲ್ಲ, ಮಲಗಿದಾಗ ಇಲ್ಲ, ನಡೆಯುವಾಗ ಇಲ್ಲ. ಕನಕಪ್ಪ ಎದುರಿಗೆ ನಿಂತು ಮಾತಿಗೆ ಹತ್ತಿದರೆ ಸಾಕು, ಕಾಲು ಕಾಯುತ್ತದೆ. ಅದೂ ಅಲ್ಲದೆ ಈ ಕನಕಪ್ಪ ಮಾತಿನ ನಡುವೆ ಕದ್ದು ಕದ್ದು ತನ್ನ ಕಾಲನ್ನೇ ನೋಡುತ್ತಾನೆ! ಬೀಗನ ಮುಖ ನೋಡುವುದು ಬಿಟ್ಟು ಕಾಲು ನೋಡುವವನು ಎಂಥ ಮನುಷ್ಯ?

"ಮಾಡ್ಸ್ಯಾನ," ಎಂದ ಹೆಂಡತಿ ರೇಣವ್ವನ ಮುಂದೆ. "ಮಾಟ ಮಾಡ್ಸ್ಯಾನ. ನನ್ನ ಕಾಲ ಬಿದ್ದರ ಹಿಂಡು ಅಳಿಯನ ಕೈಗೆ ಹೋಗ್ತೈತಿ ಅಂತ ಲೆಕ್ಕಾ ಹಾಕ್ಯಾನ. ಆ ಸೀರಿ ತಗದ ಕೊಡು, ನಾಳೆ ತಿರುಗಿ ಕೊಟ್ಟ ಬರ್ತೇನಿ."

ಉಡಿ ತುಂಬಿದ ಸೀರೆ ತಿರುಗಿ ಹೋಯಿತೆಂದರೆ ಲಗ್ನ ಮುರಿದಂತೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹನಮವ್ವನ ಕೈ ನಿಂತಿತು. ರೇಣವ್ವ ಮಗಳ ಕಡೆ ಒಮ್ಮೆ ನೋಡಿ, ಸೀರೆ ಇದ್ದ ಟ್ರಂಕಿನ ಮೇಲೆ ಕುಳಿತೇಬಿಟ್ಟಳು.

"ಮೊದಲ ಬಾಗಲಕೋಟಿ ದವಾಖಾನಿಗೆ ಹೋಗಿ ಬರ್ರಿ. ಡಾಕ್ಟರ್‍ಗೂ ತಿಳಿಲಿಲ್ಲಂದ್ರ ನಾನ ಸೀರಿ ಮಡಚಿ ಕೊಡ್ತೇನಿ. ಅಲ್ಲೀತನಕಾ ನಾ ಇಲ್ಲಿಂದ ಏಳಾಂಗಿಲ್ಲ."

"ಉಣ್ಣಾಕ?"

"ಇಲ್ಲೇ ಉಣ್ತೇನಿ."

ದವಾಖಾನೆಯ ಪಡಸಾಲೆಯಲ್ಲಿ ಯಾರೋ ಒಬ್ಬ ಮಟಮಟ ಮಧ್ಯಾಹ್ನ ತಲೆತುಂಬ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಕುಳಿತಿದ್ದ. ಕಳ್ಳನೇ ಇರಬೇಕೆಂದು ಅಮಸಿದ್ದಪ್ಪ ತನ್ನ ಬುತ್ತಿಯನ್ನು ಬಗಲಿಗೆ ಒತ್ತಿಕೊಂಡು ಒಳಗೆ ಹೋದ.

ಧಾರವಾಡದ ಕಡೆಯ ಡಾಕ್ಟರು ಬೆನ್ನು, ಸೊಂಟ ಒತ್ತಿ ನೋಡಿದರು. ರಕ್ತನಾಳ ಗಂಟು ಕಟ್ಟಿದೆಯೇ ಎಂದು ಮೀನಖಂಡ ಹಿಚುಕಿದರು. ಸಕ್ಕರೆ ಕಾಯಿಲೆ ಇದ್ದರೂ ಕಾಲು ಹೀಗೆ ಕಾಯುತ್ತದೆಂದು ಮೂತ್ರ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಅಮಸಿದ್ದಪ್ಪನಿಗೆ ಒಳಗೊಳಗೇ ಗೆದ್ದ ಖುಷಿ.

"ನಿಂತಾಗಷ್ಟ ಬರ್ತೈತಿ ಅಂದ್ರಿ. ಹೆಂಗ ನಿಲ್ತೀರಿ? ನಿಂತು ತೋರಿಸ್ರಿ ಯಜಮಾನ್ರ."

ಇದೇನು ಕೇಳುತ್ತಾನಪ್ಪ ಎಂದುಕೊಂಡು, ಅಮಸಿದ್ದಪ್ಪ ಕೋಲು ನೆಲಕ್ಕೂರಿ, ಬಲಗಾಲನ್ನು ಬಳ್ಳಿಯ ಹಾಗೆ ಅದಕ್ಕೆ ಸುತ್ತಿ, ಮೈಭಾರವೆಲ್ಲ ಅದರ ಮೇಲೆ ಬಿಟ್ಟು ಕೊಕ್ಕರೆಯಂತೆ ನಿಂತ. ಕುರಿಗಾರರು ನಿಲ್ಲುವುದೇ ಹಾಗೆ. ಡಾಕ್ಟರು ಬಗ್ಗಿ, ಮೊಣಕಾಲಿನ ಹೊರಮಗ್ಗುಲಿಗೆ, ಕೋಲು ತಾಗಿದ್ದ ಎಲುಬಿನ ಉಬ್ಬಿನ ಹತ್ತಿರ ಹೆಬ್ಬೆರಳಿಟ್ಟು ಒತ್ತಿ ಹಿಡಿದರು.

"ಅಯ್ಯಯ್ಯೋ, ಇದ! ಇದ ಬಿಸಿ!" ಅಮಸಿದ್ದಪ್ಪ ಹಾರಿದ. ಆಮೇಲೆ ಕಣ್ಣು ಸಣ್ಣಗೆ ಮಾಡಿದ. "ಸಾಹೇಬ್ರ, ನಿಮಗ ಕನಕಪ್ಪ ಹೇಳಿಕೊಟ್ಟಾನೇನು?"

"ಯಾವ ಕನಕಪ್ಪ? ಇಲ್ಲೊಂದು ನರ ಚರ್ಮದ ಕೆಳಗ ಹಾದು ಹೋಗ್ತೈತಿ. ಅದನ್ನ ಕೋಲಿಗೆ ಒತ್ತಿಕೊಂಡು ತಾಸಗಟ್ಟಲೆ ನಿಂತ್ರ ಕಾಲು ಬಿಸಿ ಆಗದ ಏನಾದೀತು? ಕಾಲು ಸುತ್ತೂದು ಬಿಡ್ರಿ. ಬಾವು ಬಂದ್ರ, ಇಲ್ಲಾ ಹೆಜ್ಜಿ ಎತ್ತಾಕ ಬರದಂಗಾದ್ರ ಮಾತ್ರ ತಡಾ ಮಾಡದ ಬರ್ರಿ."

ಅಮಸಿದ್ದಪ್ಪ ಹೊರಗೆ ಬಂದ. ಕಂಬಳಿಯ ಕಳ್ಳ ಎದ್ದು ನಿಂತಿದ್ದ. ಎಡಗಾಲನ್ನು ಕೋಲಿಗೆ ಸುತ್ತಿಕೊಂಡು, ಬಗ್ಗಿ ಅದೇ ಜಾಗ ಉಜ್ಜಿಕೊಳ್ಳುತ್ತಿದ್ದ. ಅಮಸಿದ್ದಪ್ಪ ಕಂಬಳಿ ಜಗ್ಗಿದ.

"ಬೀಗರ! ನೀವಿಲ್ಲಿ?"

ಕನಕಪ್ಪ ಗೋಡೆಗಂಟಿದ. "ನೀವು... ಖರೆ ಹೇಳ್ರಿ. ನೀವ ಅಲ್ಲೇನು ಮಾಡ್ಸಿದ್ದು? ನಿಮ್ಮ ಎದರಿಗೆ ನಿಂತ್ರ ಸಾಕು, ಕಾಲು ಕಾಯ್ತೈತಿ. ನಿಮ್ಮ ಕಾಲಿನ್ಯಾಗರ ಏನರ ಕಟ್ಟೀರೇನು ಅಂತ ದಿನಾ ನೋಡ್ತಿದ್ದೆ."

ಅಮಸಿದ್ದಪ್ಪ ನಕ್ಕ ನಗೆಗೆ ಹೊರಗಿದ್ದ ಜಟಕಾದ ಕುದುರೆ ಬೆದರಿತಂತೆ. ಒಳಗೆ ಹೋಗಿ ಕಾಲು ತೋರಿಸಿಕೊಂಡು ಬರ್ರಿ ಎಂದು ಬೀಗನನ್ನು ದೂಡಿದ. ಅವನು ತಿರುಗಿ ಬಂದ ಮೇಲೆ ಇಬ್ಬರೂ ಒಂದೇ ಬಸ್ಸು ಹತ್ತಿದರು.

ಮನೆಯಲ್ಲಿ ರೇಣವ್ವ ಇನ್ನೂ ಟ್ರಂಕಿನ ಮೇಲೇ ಕುಳಿತಿದ್ದಳು. "ಏನಂದ್ರು?"

"ಏಳು, ಲಗ್ನದ ತಯಾರಿ ಮಾಡು," ಎಂದ ಅಮಸಿದ್ದಪ್ಪ. "ಆ ಕನಕಪ್ಪ ನನಗಿಂತಾ ಅನುಮಾನದ ಮನಷ್ಯಾ ಅದಾನ. ಅಂಥಾ ಮನಿಗೆ ಕಣ್ಣು ಮುಚ್ಚಿ ಮಗಳನ್ನ ಕೊಡಬೇಕು. ಕಳ್ಳನ ಗಾಳಿನೂ ಆ ಕಡಿ ಹಾಯಾಂಗಿಲ್ಲ."