ಸಾಹೇಬರ ಬಂಗಲೆಯ ಬಿಳಿ ಕಲ್ಲು

ಶ್ರೀರಾಂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದೋನು ನೆಲಕ್ಕೆ ಮಾರ್ಬಲ್ ಕೂರಿಸೋ ಮೇಸ್ತ್ರಿ. ಈಗ ಎಲ್ಲಿದಾನೋ ಗೊತ್ತಿಲ್ಲ. ಯಾರ ಮನೆಗೆ ಹೋದರೂ ಮೊದಲು ಕುಕ್ಕರಗಾಲಲ್ಲಿ ಕೂತು, ಬೆರಳ ಗೆಣ್ಣಿಂದ ನೆಲ ತಟ್ಟಿ, ಕಿವಿಗೊಟ್ಟು ಕೇಳೋನು. ನಮ್ಮ ಮನೆಗೆ ಬಂದರೆ ನನಗೂ "ಒಳಗೆ ಟೊಳ್ಳು ಅಜ್ಜಿ," ಅನ್ನೋನು. ಕಾಫಿ ಏನಿದ್ದರೂ ಆಮೇಲೆ.

ಅವನಿಗೆ ಜಾಸ್ತಿ ಕೆಲಸ ಸಿಗ್ತಿದ್ದದ್ದು ದೊಡ್ಡ ಅಧಿಕಾರಿಗಳ ಸರ್ಕಾರಿ ಬಂಗಲೆಗಳಲ್ಲಿ. ಒಬ್ಬರು ವರ್ಗವಾಗಿ ಇನ್ನೊಬ್ಬರು ಬಂದರೆ ನೆಲ, ಬಚ್ಚಲು ಎಲ್ಲ ಹೊಸದು, ಸರ್ಕಾರದ ದುಡ್ಡಲ್ಲಿ. ಒಂದು ಸಲ, ಎಂಟು ತಿಂಗಳ ಹಿಂದಷ್ಟೇ ಅವನು ಹಾಕಿದ್ದ ಬಿಳಿ ಕಲ್ಲು ಹೊಸ ಸಾಹೇಬರಿಗೆ ಹಿಡಿಸಲಿಲ್ಲ.

ಆಗ ನಾನು ಅಂಗನವಾಡಿಯಲ್ಲಿ ಅಡುಗೆ ಮಾಡ್ತಿದ್ದೆ. ಅಲ್ಲಿ ನೆಲ ಕಿತ್ತುಹೋಗಿ, ಮಕ್ಕಳು ತೇವದಲ್ಲೇ ಕೂತು ಕೆಮ್ಮುತ್ತಿದ್ದವು. "ಆ ಕಲ್ಲನ್ನ ಹುಷಾರಾಗಿ ಎಬ್ಬಿಸಿ ತಂದು ಇಲ್ಲಿ ಹಾಕ್ತೀನಿ, ಕೂಲಿ ಬೇಡ," ಅಂದ. ಅಳತೆನೂ ತಗೊಂಡು ಹೋದ.

ನಾಲ್ಕನೇ ದಿನ ಅಂಗನವಾಡಿಗೆ ಬರಿಗೈಯಲ್ಲಿ ಬಂದ. ತಲೆ, ಹುಬ್ಬು, ರೆಪ್ಪೆ ಎಲ್ಲ ಬಿಳಿ ಪುಡಿ.

"ಎಲ್ಲೋ ಕಲ್ಲು?" ಅಂದೆ.

"ಸರ್ಕಾರದ ಆಸ್ತಿ, ಹೊರಗೆ ಕೊಡೋ ಹಾಗಿಲ್ಲ, ಒಡೆದುಹಾಕು ಅಂದ್ರು ಇಂಜಿನಿಯರ್ರು."

"ಒಡೆದೋನ್ಯಾರು?"

"ನಾನೇ ಅಜ್ಜಿ."

"ನಿನ್ನ ಕೈಗೇನು ರೋಗ ಬಂದಿತ್ತು? ಆಗಲ್ಲ ಅನ್ನೋಕೆ ಬಾಯಿರಲಿಲ್ವಾ?"

"ಅಂದಿದ್ರೆ ಹೊಸ ಕಲ್ಲು ಕೂರಿಸೋ ಕೆಲಸ ಇನ್ನೊಬ್ಬನಿಗೆ ಹೋಗ್ತಿತ್ತು."

ನನಗೆ ಇನ್ನೂ ಬೈಯೋದಿತ್ತು. ಅಷ್ಟರಲ್ಲಿ ಮಕ್ಕಳ ಊಟದ ಹೊತ್ತಾಯಿತು. ಗೋಣಿಚೀಲ ಹಾಸಿ ಮಕ್ಕಳನ್ನ ಕೂರಿಸಿ ಅನ್ನ ಬಡಿಸಿದೆ. ಅವನು ಹೊಸ್ತಿಲಾಚೆ ನಿಂತು ನೋಡ್ತಿದ್ದ, ಕಾಲು ಒಳಗಿಡಲಿಲ್ಲ. ಬಾ ಅಂತ ನಾನೂ ಕರೆಯಲಿಲ್ಲ.