ಕಿಸೆಯಲ್ಲಿದ್ದ ವಾಯರ್

ಬೈಲಹೊಂಗಲದ ನಮ್ಮ ಬೀಜದ ಗೋದಾಮಿನ ಮ್ಯಾನೇಜರು ಮೋಡೆಮ್ಮಿನ ವಾಯರನ್ನು ಸದಾ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಹುಬ್ಬಳ್ಳಿಯ ಕಂಪ್ಯೂಟರ್ ಕಂಪನಿಯವರು ಕುಂತಲ್ಲಿಂದಲೇ ನಮ್ಮ ಮಷಿನ್ ರಿಪೇರಿ ಮಾಡಬೇಕೆಂದರೆ ಮೊದಲು ಇವರಿಗೆ ಫೋನ್ ಮಾಡಬೇಕು. ಇವರು ವಾಯರ್ ಸಿಕ್ಕಿಸಿ, ಕೆಲಸ ಮುಗಿಯುವತನಕ ಪರದೆ ನೋಡುತ್ತ ಕುಂತು, ಮತ್ತೆ ಕಿತ್ತುಕೊಳ್ಳುವರು. "ಮಂದಿ ಬರ್ಲಿ, ಬಾಗಲಾ ಮಾತ್ರ ನಾವ ತಗೀಬೇಕು" ಎನ್ನುವರು. ಆಪರೇಟರ್ ಆಗಿದ್ದ ನನಗೆ ಇದೊಂದು ತಲೆನೋವು.

ಒಂದು ದಿನ, ಬಿತ್ತನೆಯ ಹೊತ್ತು, ಬಾಗಿಲಲ್ಲಿ ರೈತರ ಸಾಲು. ಆ ಕಂಪನಿಯ ಇಂಜಿನಿಯರನ ಫೋನ್ ಬಂತು. ನಮಗೆಲ್ಲ ಗುರುತಿನ ದನಿ.

"ವಾಯರ್ ಲಗೂನ ಹಚ್ಚರಿ ಸರ, ಇಲ್ಲಂದ್ರ ರೈತರ ಯಾದಿ ಎಲ್ಲಾ ಅಳಿಸಿ ಹೋಗತೈತಿ!"

"ಹಚ್ಚಿಬಿಡ್ರಿ ಸರ" ಎಂದು ನಾನು ಚೀರಿದೆ. ಮ್ಯಾನೇಜರ ಕೈ ಕಿಸೆಯ ಮೇಲಿತ್ತು, ಒಳಗೆ ಹೋಗಲಿಲ್ಲ. ಫೋನ್ ಇಟ್ಟು, ತಾವೇ ಕಂಪನಿಗೆ ಫೋನ್ ಮಾಡಿ ಕೇಳಿದರು.

"ಅಂವ ಕೆಲಸಾ ಬಿಟ್ಟು ಎಂಟ ದಿನಾ ಆತರಿ" ಎಂದರು ಅಲ್ಲಿಯವರು.

ಮುಂದೆ ಮ್ಯಾನೇಜರು ನಿವೃತ್ತರಾದ ದಿನ, ಹಾರ ಹಾಕುವ ಮುಂಚೆಯೇ ನನ್ನ ಕೈಗೆ ವಾಯರ್ ಕೊಟ್ಟು, "ನನ್ನ ಪಾಸ್‌ವರ್ಡ್ ತಗದ್ಹಾಕ್ರಿ" ಎಂದರು.

"ನಾಳೆ ಮಾಡೂಣ್ರಿ ಸರ."

ಅವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಂತರು.

"ಈಗ ಮಾಡ್ರಿ. ನಾಳಿಂದ ನಾನೂ ಹೊರಗಿನಾಂವ."